‘ಪ್ರೊಬೇಷನ್’ಗೆ ‘ಪರಿವೀಕ್ಷಣೆ’ ಅಂದರೆ ಸಾಕಾ?

ಬಳಗದ ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಕೇಳಬೇಕಾಗಿರುವುದು ಒಂದೇ ಪದ. ಆದರೆ ಅದರ ಬಾಲ ಉದ್ದ ಇದೆ, ಸ್ವಲ್ಪ ತಾಳ್ಮೆ ಇರಲಿ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪ್ರೊಬೇಷನ್ ಆಫೀಸರ್. ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಪ್ರತಿ ಭಾನುವಾರ ನನ್ನ ಅವ್ವನಿಗೆ ವಿಡಿಯೊ ಕಾಲ್ ಮಾಡುತ್ತಾಳೆ. ಅವ್ವನಿಗೆ ಎಂಬತ್ತು ದಾಟಿದೆ, ಕಿವಿ ಇನ್ನೂ ಚುರುಕು. ಮೊನ್ನೆ ಕೇಳಿಯೇ ಬಿಟ್ಟಳು.

“ಅಲ್ಲವ್ವಾ, ನೀನು ಅಲ್ಲಿ ಮಾಡೋ ಕೆಲ್ಸ ಏನು? ಬಾಜು ಮನೆಯರು ಕೇಳಿದ್ರೆ ನನಗೆ ಹೇಳಾಕೇ ಬರಲ್ಲ.”

“ಅಜ್ಜಿ, ತಪ್ಪು ಮಾಡಿದೋರನ್ನ ಒಂದೊಂದ್ಸಲ ಕೋರ್ಟು ಜೈಲಿಗೆ ಹಾಕದೆ ಹೊರಗೇ ಬಿಡುತ್ತೆ. ಅವರನ್ನ ನೋಡ್ಕೊಳ್ಳೋ ಕೆಲಸ.”

“ಪೊಲೀಸಾ?”

“ಅಲ್ಲ.”

“ಲಾಯರಾ?”

“ಅದೂ ಅಲ್ಲ.”

ಅವ್ವ ಅಡಿಕೆ ಚೂರು ಬಾಯಿಗೆ ಹಾಕಿಕೊಂಡು, “ಹಂಗಾರೆ ಕಾಯೋ ಕೆಲ್ಸ ಅನ್ನು” ಅಂದಳು. ದನ ಕಾಯೋದು, ಹೊಲ ಕಾಯೋದು, ಆ ಸಾಲಿನಲ್ಲಿ ಇದೂ ಒಂದು ಅನ್ನುವ ಹಾಗೆ.

ಇವಳು ನಗುತ್ತಾ, “ಮಾವ, ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಏನು?” ಅಂತ ನನ್ನನ್ನು ಕೇಳಿದಳು. ನಾನು ಕೋರ್ಟಿನ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಅಫಿಡವಿಟ್ಟು, ವಕಾಲತ್ತು, ಬಾಂಡು ಟೈಪ್ ಮಾಡಿಯೇ ಕೂದಲು ಹಣ್ಣಾಗಿದೆ. ಜಂಬದಿಂದ “ಪರಿವೀಕ್ಷಣಾಧಿಕಾರಿ” ಅಂದೆ. ಅವ್ವ ಎರಡು ಸಲ ಹೇಳಿಸಿಕೊಂಡಳು. ಮೂರನೇ ಸಲ ಕೇಳಲಿಲ್ಲ. ಬಿಟ್ಟೇಬಿಟ್ಟಳು.

ಇದು ಸುಮ್ನೆ ಮನೆಯ ತಮಾಷೆ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಇದೇ ಪದದಿಂದ ನನ್ನ ಅಂಗಡಿಯಲ್ಲೇ ಒಂದು ಎಡವಟ್ಟು ನೋಡಿದ್ದೇನೆ. ಜಗಳೂರು ಕಡೆಯ ಒಬ್ಬ ಅಪ್ಪ, ಮಗನ ಜೊತೆ ಬಂದಿದ್ದರು. ಹುಡುಗನಿಗೆ ಇಪ್ಪತ್ತೂ ತುಂಬಿರಲಿಲ್ಲ. ಏನೋ ಸಣ್ಣ ಕಳ್ಳತನದ ಕೇಸು, ಮೊದಲನೇ ಸಲ. ಸನ್ನಡತೆಯ ಮೇಲೆ ಬಿಟ್ಟಿದ್ದಾರೆ, ಬಾಂಡ್ ಬರೆಯಬೇಕು ಅಂತ ಜೂನಿಯರ್ ವಕೀಲರು ಕಳಿಸಿದ್ದರು. ಆ ಅಪ್ಪನ ಕಿವಿಗೆ ಬಿದ್ದಿದ್ದು ‘ಬಿಡುಗಡೆ’ ಒಂದೇ. “ಖುಲಾಸೆ ಆಯ್ತಲ್ಲ ಸ್ವಾಮಿ” ಅಂತ ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿದರು. ಆರು ತಿಂಗಳ ಮೇಲೆ ಮುಖ ಬಾಡಿಸಿಕೊಂಡು ಮತ್ತೆ ಬಂದರು. ಹುಡುಗ ಅಧಿಕಾರಿಯ ಹತ್ತಿರ ಒಂದು ಸಲವೂ ಹೋಗಿರಲಿಲ್ಲ. ಕೋರ್ಟಿನಿಂದ ನೋಟಿಸು ಬಂದಿತ್ತು. “ಪರಿವೀಕ್ಷಣೆ ಅಂತ ಬರ್ದಿತ್ತು ಸ್ವಾಮಿ, ಕೋರ್ಟಿನೋರು ಅವರ ಪಾಡಿಗೆ ನೋಡ್ಕೊಂತಾರೆ ಅಂದ್ಕೊಂಡೆ” ಅಂದರು. ತಪ್ಪು ಅವರದ್ದಾ? ಪದ ಹೇಳುವುದೇ ಅಷ್ಟು. ಯಾರೋ ಸುತ್ತಲೂ ನಿಂತು ನೋಡುತ್ತಾರೆ. ನೋಡಿಸಿಕೊಳ್ಳುವವನು ಏನು ಮಾಡಬೇಕು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ.

ಖುಲಾಸೆ ಅಂದರೆ ತಪ್ಪಿಲ್ಲ ಅಂತ ಹೇಳಿ ಬಿಡುವುದು. ಪ್ರೊಬೇಷನ್‌ನಲ್ಲಿ ತಪ್ಪು ಸಾಬೀತಾಗಿರುತ್ತದೆ. ನಮ್ಮಲ್ಲಿ ಇದಕ್ಕೆ 1958ರ ಕೇಂದ್ರ ಕಾಯ್ದೆ ಇದೆ. ಅದರ 4ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ಶಿಕ್ಷೆಯನ್ನು ತಕ್ಷಣ ಹೇಳುವುದಿಲ್ಲ. ಮುಚ್ಚಳಿಕೆ ಬರೆಸಿಕೊಂಡು, ಕರೆದಾಗ ಬಂದು ಶಿಕ್ಷೆ ತಗೋಬೇಕು, ಅಲ್ಲಿಯವರೆಗೆ ನೆಟ್ಟಗಿರಬೇಕು ಅಂತ ಹೇಳಿ ಬಿಡುತ್ತಾರೆ. ಈ ಗಡುವು ಮೂರು ವರ್ಷ ಮೀರುವ ಹಾಗಿಲ್ಲ. ಬೇಕಾದರೆ ಅಧಿಕಾರಿಯ ಮೇಲ್ವಿಚಾರಣೆಯನ್ನೂ ಹಾಕಬಹುದು, ಅದು ಒಂದು ವರ್ಷಕ್ಕೆ ಕಡಿಮೆ ಇರಬಾರದು. ಮರಣದಂಡನೆ, ಜೀವಾವಧಿಯಂಥ ಶಿಕ್ಷೆಯ ಅಪರಾಧಗಳಿಗೆ ಇದು ಇಲ್ಲ. 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸುವ ಮೊದಲು ಕೋರ್ಟು ಅಧಿಕಾರಿಯ ವರದಿ ತರಿಸಿಕೊಂಡು ನೋಡಬೇಕು, ಕಳಿಸಿದರೆ ಕಾರಣ ಬರೆಯಬೇಕು. ಇಷ್ಟೆಲ್ಲ ‘ಪರಿವೀಕ್ಷಣೆ’ ಅನ್ನುವ ಒಂದು ಡಬ್ಬಿಯಲ್ಲಿ ತುಂಬಿದ್ದೇವೆ.

(ಮಧ್ಯೆ ಒಂದು ಮಾತು. ‘ಮುಚ್ಚಳಿಕೆ’ಗೂ ಡಬ್ಬಿಯ ಮುಚ್ಚಳಕ್ಕೂ ಸಂಬಂಧ ಇಲ್ಲ. ತುರ್ಕಿ ಮೂಲದ ಪದ, ‘ಮುಚಲ್ಕಾ’ ಅಂತ ಹಿಂದೂಸ್ತಾನಿಗೆ ಬಂದು, ಅಲ್ಲಿಂದ ನಮಗೆ ಬಂದಿದ್ದು. ಎಷ್ಟು ಚೆನ್ನಾಗಿ ಕನ್ನಡದ ವೇಷ ಹಾಕಿದೆ ನೋಡಿ. ನಾನು ಎಷ್ಟೋ ವರ್ಷ ‘ಬಾಯಿ ಮುಚ್ಚಿಸೋ ಕಾಗದ’ ಅಂತಲೇ ತಿಳಿದಿದ್ದೆ.)

ಇನ್ನೊಂದು ಗೊಂದಲ. ನೌಕರಿಯಲ್ಲೂ ಪ್ರೊಬೇಷನ್ ಇದೆ. ಮೇಷ್ಟ್ರುಗಳ ಆದೇಶದಲ್ಲಿ ‘ಖಾಯಂ ಪೂರ್ವ ಸೇವಾವಧಿ’ ಅಂತ ಟೈಪ್ ಮಾಡಿದ್ದೇನೆ, ಬೇರೆ ಕಡೆ ‘ಪರೀಕ್ಷಾರ್ಥ ಅವಧಿ’ ಅಂತಲೂ ಮಾಡಿದ್ದೇನೆ. ಲ್ಯಾಟಿನ್ನಿನ ಮೂಲ ಪದಕ್ಕೆ ಪರೀಕ್ಷೆ ಅಂತಲೇ ಅರ್ಥ, ಹಾಗಾಗಿ ಎರಡನೆಯದು ಮೂಲಕ್ಕೆ ಹತ್ತಿರ. ಕೋರ್ಟಿನ ಪದ ಮಾತ್ರ ಪರೀಕ್ಷೆಯನ್ನು ಬಿಟ್ಟು ವೀಕ್ಷಣೆಯನ್ನು ಹಿಡಿಯಿತು. ಅದರ ಜೊತೆಗೆ ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ಇಡುವ ಜಾಗಕ್ಕೆ ‘ವೀಕ್ಷಣಾಲಯ’, ಕೆಲವು ಕಡೆ ‘ಪರಿವೀಕ್ಷಣಾಲಯ’. ಹೊರಗೆ ಬಿಟ್ಟಿರುವುದಕ್ಕೂ ಒಳಗೆ ಇಟ್ಟಿರುವುದಕ್ಕೂ ಒಂದೇ ಬೇರಿನ ಪದ!

ಈಗ ಇಂಗ್ಲೆಂಡಿನ ಕತೆಗೆ ಬರುತ್ತೇನೆ. ಅಲ್ಲಿ 1907ರ ಕಾನೂನು ಪ್ರೊಬೇಷನ್ ಆಫೀಸರ್ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಮೂರು ಕ್ರಿಯಾಪದಗಳನ್ನು ಒಟ್ಟಿಗೆ ಇಟ್ಟಿತ್ತು: ಬುದ್ಧಿ ಹೇಳು, ನೆರವಾಗು, ಗೆಳೆಯನಾಗು. ಮೂರರಲ್ಲಿ ಒಂದರಲ್ಲೂ ‘ನೋಡು’ ಇಲ್ಲ. ನೋಡುವುದು ಕೆಲಸದಲ್ಲಿ ಇತ್ತು, ಇಲ್ಲ ಅಂತಲ್ಲ. ಆದರೆ ಕಾನೂನು ಬರೆದವರು ಗೆಳೆತನವನ್ನು ಮರೆಯಲಿಲ್ಲ. ನಮ್ಮ 1958ರ ಕಾಯ್ದೆಯಲ್ಲೂ ಅಧಿಕಾರಿಯ ಕರ್ತವ್ಯದಲ್ಲಿ ಮೇಲ್ವಿಚಾರಣೆಯ ಪಕ್ಕದಲ್ಲೇ, ಬೇಕಾದ ಕಡೆ ಅವರಿಗೆ ತಕ್ಕ ಕೆಲಸ ಹುಡುಕಿಕೊಡಲು ಪ್ರಯತ್ನಿಸಬೇಕು ಅಂತ ಇದೆ. ಕೆಲಸ ಹುಡುಕಿಕೊಡುವವನನ್ನು ‘ವೀಕ್ಷಕ’ ಅಂತ ಯಾರಾದರೂ ಕರೆಯುತ್ತಾರಾ?

ಅಲ್ಲಿ 2014ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಕ್ರಿಸ್ ಗ್ರೇಲಿಂಗ್ ನ್ಯಾಯ ಖಾತೆಯ ಮಂತ್ರಿ. ಅಲ್ಲಿಯವರೆಗೆ ಈ ಕೆಲಸ ಮಾಡುತ್ತಿದ್ದ ಊರೂರಿನ 35 ಪ್ರೊಬೇಷನ್ ಟ್ರಸ್ಟುಗಳನ್ನು ಮುಚ್ಚಿದರು. ಜಾಸ್ತಿ ಅಪಾಯದವರು ಅಂತ ಗುರುತಿಸಿದವರನ್ನು ಸರ್ಕಾರ ತನ್ನ ಹತ್ತಿರ ಇಟ್ಟುಕೊಂಡಿತು. ಉಳಿದವರನ್ನು 21 ಹೊಸ ಕಂಪನಿಗಳಿಗೆ ಹಂಚಿತು, ಮುಂದಿನ ವರ್ಷ ಆ ಕಂಪನಿಗಳು ಖಾಸಗಿಯವರ ಕೈಗೆ ಹೋದವು. ನಮ್ಮ ಪತ್ರಿಕೆಯ ಕನ್ನಡದಲ್ಲಿ ಇದು ‘ಖಾಸಗೀಕರಣ’. ನನಗೆ ಈ ಪದದ ಮೇಲೂ ಸ್ವಲ್ಪ ಅನುಮಾನ. ‘ಖಾಸಗಿ’ ಒಂದು ಕಾಲದಲ್ಲಿ ದೊರೆಯ ಸ್ವಂತದ್ದು ಅನ್ನುವ ಅರ್ಥದಲ್ಲೇ ಬಳಕೆಯಲ್ಲಿತ್ತು. ಇಂದೋರಿನ ಹೋಳ್ಕರರ ‘ಖಾಸಗಿ’ ಆಸ್ತಿ ಅಂದರೆ ಅರಮನೆಯ ಸ್ವಂತ ಆಸ್ತಿ. ಅದೇ ಪದ ಈಗ ಸರ್ಕಾರದ್ದಲ್ಲದ್ದು ಅಂತ ಆಗಿದೆ. ಅದಿರಲಿ. ಇಂಗ್ಲೆಂಡಿನಲ್ಲಿ ಆಗಿದ್ದು ಕಾರ್ಖಾನೆ ಮಾರಿದ ಹಾಗಲ್ಲ. ಶಿಕ್ಷೆ ಹೇಳುವುದು ಕೋರ್ಟೇ, ದುಡ್ಡು ಕೊಡುವುದು ಸರ್ಕಾರವೇ. ಕೆಲಸ ಮಾತ್ರ ಬೇರೆಯವರದು. ದಾವಣಗೆರೆಯಲ್ಲಿ ಯಾರನ್ನಾದರೂ ಕೇಳಿ, ಇದಕ್ಕೆ ‘ಹೊರಗುತ್ತಿಗೆ’ ಅನ್ನುತ್ತಾರೆ. ಹಾಸ್ಟೆಲ್ ಅಡುಗೆಯವರು, ಕಂಪ್ಯೂಟರ್ ಆಪರೇಟರುಗಳು, ಆಸ್ಪತ್ರೆಯ ಕಸ ಗುಡಿಸುವವರು, ಎಲ್ಲರಿಗೂ ಗೊತ್ತಿರುವ ಪದ. ಸಂಬಳ ಯಾವಾಗ ಬರುತ್ತೆ ಅಂತ ಕಾಯುವವರ ಪದ.

ಕಂಪನಿಗಳಿಗೆ ದುಡ್ಡು ಹೇಗೆ ಅಂದರೆ, ಒಂದು ಪಾಲು ಕೆಲಸಕ್ಕೆ, ಇನ್ನೊಂದು ಪಾಲು ಫಲಕ್ಕೆ. ಬಿಟ್ಟವರು ಮತ್ತೆ ಅಪರಾಧ ಮಾಡುವುದು ಎಷ್ಟು ಕಡಿಮೆಯಾಯಿತು ಅಂತ ಅಳೆದು ಕೊಡುವುದು. ‘ಫಲಿತಾಂಶ ಆಧಾರಿತ ಪಾವತಿ’ ಅಂತ ಬರೆದರೆ ಸರ್ಕಾರಿ ಸುತ್ತೋಲೆ ಆಗುತ್ತದೆ. ಅವ್ವನಿಗೆ ನಾನು ಬಿಡಿಸಿ ಹೇಳಿದೆ. ಅವಳು ತಕ್ಷಣ, “ಓ, ಮಾಡಿದೋರಿಗೆ ಮಾಡಿದಷ್ಟು” ಅಂದಳು. ನಾಯಕನಹಟ್ಟಿ ತಿಪ್ಪೇಸ್ವಾಮಿಯ ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಸ್ವಾಮಿ ಕೆರೆ ಕಟ್ಟಿಸುವಾಗ ಸಂಜೆ ಕೂಲಿಯವರು ಮರಳಿನ ಗುಡ್ಡೆ ಕೆದಕಿದರೆ ಅವರವರು ಮಾಡಿದ ಕೆಲಸದಷ್ಟೇ ಕಾಸು ಸಿಗುತ್ತಿತ್ತಂತೆ. ಪದ ಸಿಕ್ಕಿತು ಅಂತ ನಾನು ಕುಣಿದಾಡುವ ಹೊತ್ತಿಗೆ ಅವ್ವನೇ ಸೊಲ್ಲು ತೆಗೆದಳು. “ಕೆರೆ ಮಣ್ಣಾದ್ರೆ ಪುಟ್ಟಿ ಲೆಕ್ಕ ಐತೆ. ಕಳ್ಳ ಕದೀಲಿಲ್ಲ ಅನ್ನೋದನ್ನ ಯಾವ ಪುಟ್ಟೀಲಿ ಅಳೀತಾರೆ?”

ಅಳೆಯುವುದು ನಿಜವಾಗಿಯೂ ಕಷ್ಟವೇ ಆಯಿತು. ಕೋರ್ಟುಗಳಿಂದ ಕಂಪನಿಗಳ ಪಾಲಿಗೆ ಬಂದ ಕೇಸುಗಳು ಎಣಿಸಿದ್ದಕ್ಕಿಂತ ಕಡಿಮೆ. ಆದಾಯ ಕುಸಿಯಿತು, ಕೆಲಸದವರನ್ನು ಕಡಿಮೆ ಮಾಡಿದರು. ಒಬ್ಬೊಬ್ಬ ಸಿಬ್ಬಂದಿಯ ತಲೆಗೆ ಕೇಸಿನ ಹೊರೆ ಏರಿತು. ಕೆಲವು ಕಡೆ ಆರು ವಾರಕ್ಕೊಂದು ಫೋನ್ ಕಾಲ್, ಅಷ್ಟೇ ಮೇಲ್ವಿಚಾರಣೆ ಅಂತ ತಪಾಸಣೆಯವರು ಬರೆದರು. ಗೆಳೆಯನಾಗು ಅಂತ ಶುರುವಾಗಿದ್ದು ಮಿಸ್ಡ್ ಕಾಲ್ ಮಟ್ಟಕ್ಕೆ ಬಂತು. ಇದಕ್ಕಿಂತ ಮೊದಲೇ, 2013ರಲ್ಲಿ, ಅಪರಾಧಿಗಳ ಮೇಲೆ ಕಣ್ಣಿಡಲು ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್ ಕಟ್ಟುವ ಗುತ್ತಿಗೆಯಲ್ಲಿ ಸತ್ತವರ ಹೆಸರಿನಲ್ಲೂ ಬಿಲ್ ಹಾಕಿದ್ದು ಹೊರಗೆ ಬಂದಿತ್ತು. ಅವ್ವ ನಂಬಲಿಲ್ಲ. ಸತ್ತ ದನಕ್ಕೆ ಮೇವಿನ ಲೆಕ್ಕ ಬರೆಯೋದು ನಮ್ಮೂರಲ್ಲಿ ಮಾತ್ರ ಅಂದುಕೊಂಡಿದ್ದಳು.

ಕೊನೆಗೆ 2019ರಲ್ಲಿ ಪ್ರೊಬೇಷನ್‌ನ ಮುಖ್ಯ ತಪಾಸಣಾಧಿಕಾರಿ ಗ್ಲೆನಿಸ್ ಸ್ಟೇಸಿ ಈ ವ್ಯವಸ್ಥೆ ತಿದ್ದಲಿಕ್ಕೂ ಆಗದಷ್ಟು ಕೆಟ್ಟಿದೆ ಅಂತ ಹೇಳಿದರು. ವೇಲ್ಸ್‌ನಲ್ಲಿ ಅದೇ ವರ್ಷ ಮೇಲ್ವಿಚಾರಣೆ ಸರ್ಕಾರಕ್ಕೆ ವಾಪಸ್ ಬಂತು. 2021ರ ಜೂನ್ ಹೊತ್ತಿಗೆ ಇಂಗ್ಲೆಂಡಿನಲ್ಲೂ ಬಂತು. ನಮ್ಮ ಹುಡುಗಿ ಸೇರಿದ್ದು ಇದೆಲ್ಲ ಆದ ಮೇಲೆ. ಆದರೆ ಕ್ಯಾಂಟೀನಿನಲ್ಲಿ ಈಗಲೂ ಹಳಬರು ‘ನೀನು ಆಗ ಯಾವ ಕಡೆ ಇದ್ದೆ’ ಅಂತ ಒಬ್ಬರನ್ನೊಬ್ಬರು ಕೇಳುತ್ತಾರಂತೆ. ಒಂದೇ ಆಫೀಸಿನವರನ್ನು ಎರಡು ಪಾಲು ಮಾಡಿದ್ದರಲ್ಲ, ಅಣ್ಣ ತಮ್ಮ ಮನೆ ಹಿಸೆ ಆದ ಹಾಗೆ.

‘ಹೊರಗುತ್ತಿಗೆ’ ಸರಿ ಅಂತ ನನಗೆ ಗಟ್ಟಿಯಾಗಿದ್ದು ಅವ್ವನ ಇನ್ನೊಂದು ಮಾತಿನಿಂದ. ಭದ್ರಾ ನಾಲೆಯ ಭತ್ತದ ಗದ್ದೆಯಲ್ಲಿ ನಾಟಿ, ಕಳೆ ಎಲ್ಲ ಕೂಲಿಗೂ ಮಾಡಿಸಬಹುದು, ಗುತ್ತಿಗೆಗೂ ಕೊಡಬಹುದು. “ಕೂಲಿಯೋರು ನಿಧಾನ. ಗುತ್ತಿಗೆಯೋರು ಬಿರುಸು. ಆದ್ರೆ ಕಳೆ ಬುಡ ಸಮೇತ ಬರಲ್ಲ, ಮೇಲಿಂದು ಹರ್ಕಂಡು ಮುಂದಕ್ಕೋಗ್ತಾರೆ” ಅಂದಳು. ‘ಖಾಸಗೀಕರಣ’ ಅನ್ನುವ ಪದಕ್ಕೆ ಈ ಮಣ್ಣಿನ ವಾಸನೆ ಎಲ್ಲಿದೆ? ಗುತ್ತಿಗೆ ಅಂದರೆ ಒಳ್ಳೆಯದು ಕೆಟ್ಟದ್ದು ಎರಡೂ ಒಟ್ಟಿಗೆ ನೆನಪಾಗುತ್ತವೆ.

ಹಾಗಂತ ಸರ್ಕಾರದವರೇ ಮಾಡಬೇಕು ಅಂತ ಕಾನೂನಿನಲ್ಲಿ ಇಲ್ಲ. ನಮ್ಮ 1958ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ಸರ್ಕಾರ ಮಾನ್ಯ ಮಾಡಿದ ಒಂದು ಸಂಘ ಕೊಟ್ಟ ವ್ಯಕ್ತಿಯೂ ಪ್ರೊಬೇಷನ್ ಆಫೀಸರ್ ಆಗಬಹುದು. ಅಲ್ಲಿರುವ ಪದ ‘ಸಂಘ’, ‘ಕಂಪನಿ’ ಅಲ್ಲ. ಇಂಗ್ಲೆಂಡಿನಲ್ಲೂ 1876ರಲ್ಲಿ ಇದನ್ನು ಶುರು ಮಾಡಿದ್ದು ಕುಡಿತ ಬಿಡಿಸುವ ಒಂದು ಚರ್ಚ್ ಸಂಘವೇ. ಸಂಘದಿಂದ ಇಲಾಖೆಗೆ, ಇಲಾಖೆಯಿಂದ ಕಂಪನಿಗೆ, ಕಂಪನಿಯಿಂದ ಮತ್ತೆ ಇಲಾಖೆಗೆ. ಹಾಗಾಗಿ ‘ಖಾಸಗಿ’ ಅನ್ನುವ ಒಂದೇ ಪದದಲ್ಲಿ ಸಂಘವನ್ನೂ ಕಂಪನಿಯನ್ನೂ ಸೇರಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಸಿರಿಗೆರೆ ಮಠದ ನ್ಯಾಯಪೀಠದಲ್ಲಿ ಜಮೀನು ತಕರಾರು ಬಗೆಹರಿಸಿಕೊಂಡು ಬರುವವರು ‘ಖಾಸಗಿ ನ್ಯಾಯ’ಕ್ಕೆ ಹೋಗಿದ್ದೆವು ಅಂತ ಹೇಳುವುದಿಲ್ಲ. ‘ಮಠಕ್ಕೆ ಹೋಗಿದ್ವಿ’ ಅನ್ನುತ್ತಾರೆ.

ಇನ್ನು, ಬಿಟ್ಟವನನ್ನು ಏನಂತ ಕರೆಯಬೇಕು? ಅಲ್ಲಿ ಹಳಬರು ‘ಕ್ಲೈಂಟ್’ ಅನ್ನುತ್ತಿದ್ದರಂತೆ. ಆಮೇಲೆ ‘ಅಫೆಂಡರ್’. ಕಂಪನಿಗಳ ಕಾಲದಲ್ಲಿ ‘ಸರ್ವಿಸ್ ಯೂಸರ್’ ಜಾಸ್ತಿ ಓಡಾಡಿತು. ಈಗ ‘ಪ್ರೊಬೇಷನ್‌ನಲ್ಲಿರುವ ವ್ಯಕ್ತಿ’. ‘ಸರ್ವಿಸ್ ಯೂಸರ್’ನ ಅರ್ಥ ಹೇಳಿದೆ, ಅವ್ವ “ಅಂದ್ರೆ ಗಿರಾಕಿ” ಅಂದಳು. ನಾನು ನಕ್ಕಿದ್ದು ನಿಲ್ಲಲಿಲ್ಲ. ಕನ್ನಡದಲ್ಲಿ ‘ಅವನೊಬ್ಬ ಗಿರಾಕಿ’ ಅಂದರೆ ಏನರ್ಥ ಅಂತ ನಿಮಗೆ ಗೊತ್ತಲ್ಲ. ಅಂಗಡಿಗೆ ಬಂದವನೂ ಹೌದು, ಸ್ವಲ್ಪ ಹುಷಾರಾಗಿರಬೇಕಾದವನೂ ಹೌದು. ಆ ಇಂಗ್ಲಿಷ್ ಪದ ಮುಚ್ಚಿಡಲು ನೋಡಿದ್ದನ್ನು ಕನ್ನಡ ಒಂದೇ ಏಟಿಗೆ ಬಿಚ್ಚಿಟ್ಟಿತು. ನಮ್ಮಲ್ಲಿ ಇದಕ್ಕೆ ಉಲ್ಟಾ ಆಗಿದೆ. ‘ಬಾಲಾಪರಾಧಿ’ ಬೇಡ ಅಂತ ಹೇಳಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅಂತ ಮಾಡಿದರು. ಉದ್ದೇಶ ಒಳ್ಳೆಯದು, ನಾನು ಒಪ್ಪುತ್ತೇನೆ. ಆದರೆ ಅದನ್ನು ಒಂದೇ ಉಸಿರಿಗೆ ಹೇಳುವ ತಾಯಿಯನ್ನು ನಾನಿನ್ನೂ ನೋಡಿಲ್ಲ. ಆಕೆ ‘ನಮ್ಮ ಹುಡುಗ’ ಅನ್ನುತ್ತಾಳೆ.

‘ಸಮುದಾಯ ಸೇವೆ’ಯ ವಿಷಯ ಬೇರೆಯೇ ಚರ್ಚೆ ಆಗಬೇಕು, ಇಲ್ಲಿ ಒಂದೆರಡು ಮಾತು ಸಾಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೂ ಒಂದು ಶಿಕ್ಷೆ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮೊದಲ ಕಳ್ಳತನ, ಅದೂ ಮಾಲು ವಾಪಸ್ ಕೊಟ್ಟರೆ. ಕುಡಿದು ಬೀದಿಯಲ್ಲಿ ಗಲಾಟೆ. ಹೀಗೆ ಬೆರಳೆಣಿಕೆಯ ತಪ್ಪುಗಳಿಗೆ. ಕೂಲಿ ಇಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕು. ಸೇವೆ ಅಂದರೆ ನಮಗೆ ದುಗ್ಗಮ್ಮನ ಜಾತ್ರೆಯ ಉರುಳು ಸೇವೆ, ದಾಸೋಹದಲ್ಲಿ ಬಡಿಸುವುದು. ಮನಸ್ಸಿನಿಂದ ಮಾಡುವುದು ಸೇವೆ. ಕೋರ್ಟು ಹೇಳಿ ಮಾಡಿಸಿದರೆ? ಇಂಗ್ಲೆಂಡಿನಲ್ಲೂ ಇದೇ ತಳಮಳ ಇದ್ದಿರಬೇಕು. 1970ರ ದಶಕದಲ್ಲಿ ‘ಸಮುದಾಯ ಸೇವೆ’ ಅಂತ ಶುರು ಮಾಡಿ, 2001ರಲ್ಲಿ ‘ಸಮುದಾಯ ಶಿಕ್ಷೆ’ ಅಂದರು, ಆಮೇಲೆ ‘ಸಂಬಳವಿಲ್ಲದ ಕೆಲಸ’ ಅಂದರು, ಈಗ ಬೆನ್ನಿನ ಮೇಲೆ ‘ತೀರಿಸುವುದು’ ಅನ್ನುವ ಅರ್ಥದ ಪದ ಬರೆದ ಕಿತ್ತಳೆ ಜಾಕೆಟ್ ತೊಡಿಸುತ್ತಾರೆ. ನಮ್ಮ ಹಟ್ಟಿಗಳ ಕಟ್ಟೆಮನೆಯಲ್ಲಿ, ಅಂದರೆ ಹಿರಿಯರು ಕೂತು ನ್ಯಾಯ ಹೇಳುವ ಕಡೆ, ‘ತಪ್ಪು ಕಾಣಿಕೆ’ ಅನ್ನುವ ಪದ ಇದೆ. ದುಡ್ಡಿಗೆ ಹೇಳುವುದು. ಅದನ್ನು ಕೆಲಸಕ್ಕೂ ಹಿಗ್ಗಿಸಿ ‘ತಪ್ಪು ಕೆಲಸ’ ಅಂದರೆ ಕೆಟ್ಟ ಕೆಲಸ ಅಂತಾಗಿಬಿಡುತ್ತದೆ! ಯಾರಿಗಾದರೂ ದಾರಿ ಹೊಳೆದರೆ ಬರೆಯಿರಿ.

ಮೂಲ ಪ್ರಶ್ನೆಗೆ ವಾಪಸ್. ‘ಪರಿವೀಕ್ಷಣೆ’ಯ ಬದಲು ನಾನು ಯೋಚಿಸಿದ ಪದಗಳನ್ನು ಮುಂದಿಡುತ್ತೇನೆ.

‘ನಿಗಾ’ ಚಿಕ್ಕದು, ಎಲ್ಲರಿಗೂ ಗೊತ್ತು. ಆದರೆ ಠಾಣೆಯ ವಾಸನೆ ಹೊಡೆಯುತ್ತದೆ. ರೌಡಿಗಳ ಮೇಲೆ ಇಡುವುದು ನಿಗಾ. ‘ಉಸ್ತುವಾರಿ’ ಅಂದ ತಕ್ಷಣ ಜಿಲ್ಲಾ ಮಂತ್ರಿ ಕಣ್ಣ ಮುಂದೆ ಬರುತ್ತಾರೆ, ವರ್ಷಕ್ಕೆರಡು ಸಲ ಬಾವುಟ ಹಾರಿಸಿ ಹೋಗುವವರು. ಆರು ವಾರದ ಫೋನ್ ಕಾಲ್‌ಗೆ ಬೇಕಾದರೆ ಸರಿ ಹೋದೀತು.

‘ಹೊಣೆ’ ನನಗೆ ಬಹಳ ಇಷ್ಟ. ಹಳಗನ್ನಡದ ‘ಪೊಣೆ’, ಜಾಮೀನು ಅಂತಲೇ ಅರ್ಥ. ಜಾಮೀನು ಹೊರಗಿನಿಂದ ಬಂದು ಕೂತ ಮೇಲೆ ‘ಹೊಣೆ’ ಬರೀ ಜವಾಬ್ದಾರಿ ಆಯಿತು. ಪ್ರೊಬೇಷನ್ ಹುಟ್ಟಿದ್ದೇ ಹೊಣೆಯಿಂದ. 1841ರಲ್ಲಿ ಅಮೆರಿಕದ ಬಾಸ್ಟನ್ನಿನ ಕೋರ್ಟಿನಲ್ಲಿ ಜಾನ್ ಅಗಸ್ಟಸ್ ಅನ್ನುವ ಬೂಟು ಹೊಲಿಯುವವನು ಒಬ್ಬ ಕುಡುಕನಿಗೆ ಹೊಣೆ ನಿಂತ. ಮೂರು ವಾರ ಬಿಟ್ಟು ಕರೆತಂದಾಗ ಆ ಮನುಷ್ಯ ಗುರುತೇ ಸಿಗದಷ್ಟು ಸುಧಾರಿಸಿದ್ದ. ನ್ಯಾಯಾಧೀಶರು ಒಂದು ಸೆಂಟ್ ದಂಡ, ಕೋರ್ಟಿನ ಖರ್ಚು ಹಾಕಿ ಬಿಟ್ಟರು. ಅಗಸ್ಟಸ್ ಸಾಯುವ ಹೊತ್ತಿಗೆ ಸುಮಾರು ಎರಡು ಸಾವಿರ ಜನಕ್ಕೆ ಹೀಗೆ ನಿಂತಿದ್ದ. ನಮ್ಮ ಕೋರ್ಟಿನಲ್ಲೂ ಶ್ಯೂರಿಟಿಗೆ ಪಹಣಿ ಹಿಡಿದು ಬರುವವರು ಇದ್ದಾರೆ, ಆದರೆ ಅವರು ಹೊಣೆ ನಿಲ್ಲುವುದು ವಾಯಿದೆಗೆ ಹಾಜರಾಗುತ್ತಾನೆ ಅನ್ನುವಷ್ಟಕ್ಕೇ. ‘ಹೊಣೆಗಾರ ಅಧಿಕಾರಿ’ ಅಂದರೆ ಮಾತ್ರ ಎಡವಟ್ಟು. ಹುಡುಗ ಮತ್ತೆ ಕದ್ದರೆ ಅಧಿಕಾರಿಯೇ ಹೊಣೆ ಅಂತ ಜನ ತಿಳಿಯುತ್ತಾರೆ.

ಉಳಿದಿದ್ದು ಅವ್ವನ ‘ಕಾಯು’. ಮೊದಲು ನಾನು ನಕ್ಕಿದ್ದೆ. ಆಮೇಲೆ ರಾತ್ರಿ ಮಲಗಿದಾಗ ಹೊಳೆಯಿತು. ಹೊಲ ಕಾಯುವುದರಲ್ಲಿ ಕಾವಲು ಇದೆ. ‘ದೇವರು ಕಾಯಲಿ’ ಅನ್ನುವುದರಲ್ಲಿ ರಕ್ಷಣೆ ಇದೆ. ಬಸ್ಸಿಗೆ ಕಾಯುವುದರಲ್ಲಿ ತಾಳ್ಮೆ ಇದೆ. ಕಣ್ಣಿಡುವುದು, ಕೈಹಿಡಿಯುವುದು, ಸುಧಾರಿಸಲಿ ಅಂತ ದಾರಿ ನೋಡುವುದು, ಮೂರೂ ಒಂದೇ ಪದದಲ್ಲಿ. (‘ಕಾಯ್ದೆ’ ಮಾತ್ರ ಈ ಕುಟುಂಬದ್ದಲ್ಲ, ಅದು ಅರಬ್ಬಿಯ ‘ಕಾಯಿದಾ’.) ತೊಂದರೆ ಇರುವುದು ನಾಮಪದ ಮಾಡುವಾಗ. ‘ಕಾವಲು’ ಅಂದರೆ ಬಂದೂಕು ಹಿಡಿದು ನಿಂತಂತೆ. ‘ಕಾಪು’ ಚೆನ್ನಾಗಿದೆ, ಆದರೆ ಉಡುಪಿಯವರು ಅದು ನಮ್ಮೂರು ಅನ್ನುತ್ತಾರೆ. ‘ಕಾಪಿನ ಅಧಿಕಾರಿ’ ಅಂದರೆ ಕಾಫಿ ತೋಟದ ಸಾಹೇಬರು ಅಂತ ಕೇಳಿಸಿದರೂ ಆಶ್ಚರ್ಯ ಇಲ್ಲ.

ಆದೇಶಕ್ಕೆ ಮಾತ್ರ ಒಂದು ಪದ ಸಿಕ್ಕಿದೆ ಅನಿಸುತ್ತಿದೆ. ‘ತೀರ್ಪು ಕಾಯ್ದಿರಿಸಲಾಗಿದೆ’ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಬಸ್ಸಿನಲ್ಲಿ ಸೀಟು ಕಾಯ್ದಿರಿಸುತ್ತೇವೆ. 4ನೇ ಸೆಕ್ಷನ್ನಿನಲ್ಲಿ ಆಗುವುದೂ ಅದೇ, ಶಿಕ್ಷೆ ಇನ್ನೂ ಹೇಳಿಲ್ಲ, ತೆಗೆದಿಟ್ಟಿದ್ದಾರೆ. ‘ಶಿಕ್ಷೆ ಕಾಯ್ದಿರಿಸಿ ಬಿಟ್ಟಿದೆ’ ಅಂತ ಬರೆದಿದ್ದರೆ ಆ ಜಗಳೂರಿನ ಅಪ್ಪನಿಗೆ ‘ಬಿಟ್ಟಿದೆ’ಯ ಜೊತೆಗೆ ಸೀಟು ಇನ್ನೂ ಖಾಲಿ ಇಟ್ಟಿದ್ದಾರೆ ಅನ್ನುವುದೂ ಕೇಳಿಸುತ್ತಿತ್ತಲ್ಲವಾ? ಶಿಕ್ಷೆ ಹೇಳಿದ ಮೇಲೆ ಅಮಾನತ್ತಿನಲ್ಲಿಡುವುದು ಬೇರೆ ವಿಷಯ, ಅದರ ಜೊತೆ ಇದು ಗೋಜಲಾಗಬಾರದು. ವಕೀಲ ಮಿತ್ರರು ಇಲ್ಲಿ ತಪ್ಪಿದ್ದರೆ ತಿದ್ದಬೇಕು.

ಹಾಗಾಗಿ ಕೇಳುವುದು ಇಷ್ಟು. ‘ಶಿಕ್ಷೆ ಕಾಯ್ದಿರಿಸುವುದು’ ಕೋರ್ಟಿನ ಕನ್ನಡದಲ್ಲಿ ನಿಲ್ಲುತ್ತದಾ? ‘ಕಾಯು’ವಿನಿಂದ ಈ ಕೆಲಸ ಮಾಡುವವರಿಗೆ ಒಂದು ಒಳ್ಳೆಯ ಹೆಸರು ಹುಟ್ಟಬಹುದಾ? ಮೊಳಕಾಲ್ಮೂರು, ಹರಪನಹಳ್ಳಿ ಕಡೆಯವರ ಮಾತಿನಲ್ಲಿ ಕುರಿ, ಹೊಲ, ಕಣ ಕಾಯುವವರಿಗೆ ನನಗೆ ಗೊತ್ತಿಲ್ಲದ ಹೆಸರುಗಳು ಇದ್ದರೆ ದಯವಿಟ್ಟು ತಿಳಿಸಿ.

ಮುಂದಿನ ಭಾನುವಾರದೊಳಗೆ ಆದರೆ ಉಪಕಾರ. ಅವ್ವ ಆಗಲೇ ಬಾಜು ಮನೆಯವರಿಗೆ “ನನ್ ಮೊಮ್ಮಗಳು ಲಂಡನ್ನಾಗೆ ಮನುಷ್ಯರನ್ನ ಕಾಯ್ತಾಳೆ” ಅಂತ ಹೇಳಿ ಬಂದಿದ್ದಾಳೆ. ಅವರು ಎಷ್ಟು ತಲೆ ಅಂತ ಕೇಳಿದರಂತೆ.